ಕಂಡಕ್ಟರರ ಚಾಳೀಸು

ಬೆಂಗಳೂರಿನಿಂದ ರಾತ್ರಿಯಿಡೀ ತೂಕಡಿಸುತ್ತ ಬಂದವರು ‘ಗಬ್ಬೂರ ಬಂತ್ರೀ, ಗಬ್ಬೂರ’ ಎಂಬ ಕೂಗಿಗೆ ಎಚ್ಚೆತ್ತು ಸೀಟಿನ ಕೆಳಗೆ ಚಪ್ಪಲಿ ತಡಕಾಡುತ್ತಾರೆ. ಹುಬ್ಬಳ್ಳಿ ಊರೊಳಗೆ ಹೋಗುವ ರಸ್ತೆಯೂ ಧಾರವಾಡವನ್ನು ಬಳಸಿಕೊಂಡು ನರೇಂದ್ರದ ಕಡೆ ಓಡುವ ಬೈಪಾಸೂ ಅಗಲುವುದು ಇಲ್ಲಿಯೇ. ವರ್ಷಗಟ್ಟಲೆ ಆ ಕೂಗು ಹಾಕಿ ನಿವೃತ್ತರಾದ ಕಂಡಕ್ಟರರೊಬ್ಬರ ಮನೆಯೂ ಗಬ್ಬೂರಿನಲ್ಲಿಯೇ. ಅವರ ಮಗ ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಎಂಬಿಎ ಓದುತ್ತಿದ್ದ.

ಒಂದು ಸಂಜೆ ಮಗ ಹಾಳೆ, ಪೆನ್ನು ಹಿಡಿದು ಅಪ್ಪನ ಎದುರು ಕುಳಿತ. ‘ಸಂಘಟನಾ ಅಭಿವೃದ್ಧಿ ಮತ್ತು ಬದಲಾವಣೆ’ ಎಂಬ ವಿಷಯ ಕಲಿಸುವ ಮೇಷ್ಟ್ರು ಆ ವರ್ಷ ವಿಚಿತ್ರ ಮನೆಗೆಲಸ ಕೊಟ್ಟಿದ್ದರು. ದುಡಿಯುವ ರೀತಿಯೇ ಬದಲಾಗಿ ಹೋದ ಒಬ್ಬರನ್ನು ನಿಮ್ಮ ಮನೆಯಲ್ಲೇ ಹುಡುಕಿ, ಕೇಳಿ, ಬರೆಯಿರಿ. ಓದುವ ದಿನ ಅವರನ್ನೂ ಕರೆತನ್ನಿ. ಅಮೆರಿಕದ ಕಂಪನಿಗಳ ಕಥೆ ಕೇಳುವ ಆಸೆಯಿಂದ ಸೇರಿದ್ದ ಹುಡುಗರಿಗೆ ಇದು ರುಚಿಸಲಿಲ್ಲ. ಒಳಗಿನಿಂದ ತಾಯಿ ಕೇಳಿಯೇಬಿಟ್ಟರು: ‘ಇವರನ್ನ ಮಾತಾಡಸಾಕ ಅಷ್ಟು ಫೀ ಕಟ್ಟಬೇಕಿತ್ತೇನೋ?’

ಪ್ರಶ್ನೆ ನ್ಯಾಯವಾದದ್ದೇ. ಆದರೆ ಮೇಷ್ಟ್ರ ಲೆಕ್ಕಾಚಾರವೂ ಪೂರಾ ತಪ್ಪಲ್ಲ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಕಥೆಗಳಿಗೇನು ಬರ? 1962ರಲ್ಲಿ ಎರಡು ಊರು ಸೇರಿ ಒಂದು ಮಹಾನಗರಪಾಲಿಕೆಯಾಯಿತು. 1997ರಲ್ಲಿ ರಾಜ್ಯದ ಸಾರಿಗೆ ಸಂಸ್ಥೆ ಒಡೆದು ವಾಯವ್ಯ ಕರ್ನಾಟಕಕ್ಕೆ ಬೇರೆ ಸಂಸ್ಥೆ ಹುಟ್ಟಿತು. 2003ರಲ್ಲಿ ನೈರುತ್ಯ ರೈಲ್ವೆ ವಲಯಕ್ಕೆ ಹುಬ್ಬಳ್ಳಿ ಕೇಂದ್ರವಾಯಿತು. 2018ರಲ್ಲಿ ರಸ್ತೆ ನಡುವಿನ ನಿಲ್ದಾಣಗಳಲ್ಲಿ ‘ಚಿಗರಿ’ ಬಸ್ಸುಗಳು ನಿಲ್ಲತೊಡಗಿದವು. ಟಿಕೆಟ್ಟು ನಿಲ್ದಾಣದಲ್ಲೇ, ಬಸ್ಸಿನೊಳಗೆ ಕಂಡಕ್ಟರ್ ಎಂಬ ಪ್ರಾಣಿಯೇ ಇಲ್ಲ. ಪ್ರತಿ ಸಲವೂ ಸಾವಿರಾರು ಮನೆಗಳಲ್ಲಿ ಯಾರೋ ಒಬ್ಬರು ರಾತ್ರಿ ನಿದ್ದೆಗೆಟ್ಟಿರಬೇಕು. ಅದು ಯಾವ ಪಠ್ಯಪುಸ್ತಕದಲ್ಲಿ ಬಂದಿದೆ?

ಅಪ್ಪ ಅಂದು ಹೆಚ್ಚು ಮಾತಾಡಲಿಲ್ಲ. ಮಗ ಸಿಕ್ಕಷ್ಟನ್ನು ಬರೆದುಕೊಂಡ, ಉಳಿದದ್ದನ್ನು ಪುಸ್ತಕದಿಂದ ತುಂಬಿದ. (ವಿದ್ಯಾರ್ಥಿಗಳು ಯಾವ ಕಾಲದಲ್ಲೂ ಹೀಗೆಯೇ.)

ಓದುವ ದಿನ ಇಸ್ತ್ರಿ ಅಂಗಿ ತೊಟ್ಟು ಅಪ್ಪ ಹಿಂದಿನ ಬೆಂಚಿನಲ್ಲಿ ಕುಳಿತರು. ಮಗ ಹಲಗೆಯ ಮೇಲೆ ಬಾಣಗಳ ಚಿತ್ರ ಬರೆದ. ಬದಲಾವಣೆಯನ್ನು ಮುಂದಕ್ಕೆ ತಳ್ಳುವ ಶಕ್ತಿಗಳು ಈ ಕಡೆ, ಹಿಂದಕ್ಕೆ ಜಗ್ಗುವ ಶಕ್ತಿಗಳು ಆ ಕಡೆ. ಕೈಯಲ್ಲಿ ಹಿಡಿಯುವ ಟಿಕೆಟ್ ಯಂತ್ರ ಬಂದಾಗ ನೌಕರರು ದೂರದೂರಿನ ರಾತ್ರಿ ಡ್ಯೂಟಿ ಬಿಟ್ಟು ಹಳ್ಳಿ ಬಸ್ಸು ಕೇಳಿ ಪಡೆದರು ಎಂದು ಓದಿ, ಜಗ್ಗುವ ಬಾಣದ ಪಕ್ಕ ‘ಹೊಸ ತಂತ್ರಜ್ಞಾನಕ್ಕೆ ಹಿರಿಯ ನೌಕರರ ಪ್ರತಿರೋಧ’ ಎಂದು ದಪ್ಪಕ್ಷರದಲ್ಲಿ ಬರೆದ.

ಹಿಂದಿನಿಂದ ದನಿ ಬಂತು: ‘ಹಂಗಲ್ರೀ ಅದು.’

ಇಂಥದೇ ಒಂದು ಮಾತಿನಿಂದ ಈ ವಿದ್ಯೆಯ ಒಂದು ದೊಡ್ಡ ಕವಲು ಹುಟ್ಟಿತೆಂಬುದು ಮೇಷ್ಟ್ರಿಗೆ ಗೊತ್ತಿತ್ತು. ಆ ಬಾಣಗಳ ಚಿತ್ರವನ್ನು ಕೊಟ್ಟ ಕರ್ಟ್ ಲೆವಿನ್, ಹಿಟ್ಲರನ ಕಾಲದಲ್ಲಿ ಜರ್ಮನಿ ಬಿಟ್ಟು ಅಮೆರಿಕ ಸೇರಿದ ಮನಶ್ಶಾಸ್ತ್ರಜ್ಞ. 1946ರ ಬೇಸಿಗೆಯಲ್ಲಿ ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ನಿನಲ್ಲಿ ಆತ ಮತ್ತು ಸಂಗಡಿಗರು ಶಿಬಿರವೊಂದನ್ನು ನಡೆಸುತ್ತಿದ್ದರು. ಹಗಲು ಶಿಬಿರಾರ್ಥಿಗಳ ಚರ್ಚೆ, ರಾತ್ರಿ ಅವರ ನಡವಳಿಕೆಯ ಬಗ್ಗೆ ಪಂಡಿತರ ಚರ್ಚೆ. ಒಂದು ರಾತ್ರಿ ಕೆಲವು ಶಿಬಿರಾರ್ಥಿಗಳು ತಾವೂ ಕೂರಬಹುದೇ ಎಂದು ಕೇಳಿ ಒಳಗೆ ಬಂದರು. ತನ್ನ ಬಗ್ಗೆ ಹೇಳುತ್ತಿದ್ದುದನ್ನು ಕೇಳಿಸಿಕೊಂಡ ಮಹಿಳೆಯೊಬ್ಬರು, ನಡೆದದ್ದು ಹಾಗಲ್ಲ ಎಂದು ಆಕ್ಷೇಪಿಸಿದರು. ಸಂಗಡಿಗರು ಕಸಿವಿಸಿಗೊಂಡರೂ ಲೆವಿನ್ ಖುಷಿಪಟ್ಟರು. ಮರುದಿನದಿಂದ ರಾತ್ರಿಯ ಸಭೆಗೇ ಜನ ಹೆಚ್ಚು. ಲೆವಿನ್ 1947ರ ಫೆಬ್ರುವರಿಯಲ್ಲಿ ತೀರಿಕೊಂಡರು. ಅವರ ಸಂಗಡಿಗರು ಅದೇ ವರ್ಷ ಮೇಯ್ನ್ ರಾಜ್ಯದ ಬೆಥೆಲ್‌ನಲ್ಲಿ ಆ ಪದ್ಧತಿಯನ್ನೇ ಹಿಡಿದು ತರಬೇತಿ ನಡೆಸಿದರು.

ಮೇಷ್ಟ್ರು ಸೀಮೆಸುಣ್ಣವನ್ನು ಕಂಡಕ್ಟರರ ಕೈಗೇ ಕೊಟ್ಟರು. ಅವರು ಬರೆಯಲಿಲ್ಲ, ಹೇಳಿದರು. ‘ಮಷೀನಿಗೆ ನಾ ಯಾಕ ಅಂಜಲಿ? ಹಳೇ ಟಿಕೆಟ್ ಟ್ರೇದಾಗ ಯಾವ ದರದ್ದು ಎಲ್ಲಿ ಐತಿ ಅಂತ ಬೆರಳಿಗೆ ಗೊತ್ತಿತ್ತು. ಕತ್ತಲಾಗೂ ಹರಿದು ಕೊಡತಿದ್ದೆ. ಮಷೀನ್ ಬಂದಾಗ ನನಗ ನಲವತ್ತು ದಾಟಿತ್ತು. ರಾತ್ರಿ ಬಸ್ಸಿನಾಗ ಆ ಸಣ್ಣ ಅಕ್ಷರ ಕಾಣಸ್ತಿದ್ದಿಲ್ಲ. ಚಾಳೀಸು ಹಾಕ್ಕೊಂಡ್ರ ಮುದುಕ ಆದಾ ಅಂತಾರ ಅಂತ ನಾಚಿಕಿ. ಹಗಲ ಡ್ಯೂಟಿ ಕೇಳಿದೆ. ಯಾಕ ಅಂತ ಯಾರಿಗೂ ಹೇಳಲಿಲ್ಲ.’

ತರಗತಿ ಸುಮ್ಮನಾಯಿತು. ರಾತ್ರಿ ಡ್ಯೂಟಿ ಬಿಟ್ಟದ್ದರಿಂದ ಕೈಗೆ ಬರುವುದು ಕಡಿಮೆಯಾಗಿ, ಮನೆಯಲ್ಲಿ ಎಲ್ಲರೂ ಅವರನ್ನು ಹಠಮಾರಿ ಎಂದೇ ಕರೆಯುತ್ತ ಬಂದಿದ್ದರು; ಮಗನೂ ಸೇರಿ. ಅವನು ಹಲಗೆಯ ಮೇಲಿನ ದಪ್ಪಕ್ಷರಗಳನ್ನು ಅಂಗೈಯಿಂದಲೇ ಒರೆಸಿದ. ಅಲ್ಲಿ ಏನು ಬರೆಯಬೇಕೆಂದು ತಿಳಿಯದೆ ಖಾಲಿ ಬಿಟ್ಟ. ಆಮೇಲೆ ಪ್ರಶ್ನೆಗಳು ಶುರುವಾದವು, ಪುಸ್ತಕದಲ್ಲಿ ಇಲ್ಲದಂಥವು. ಯಂತ್ರ ಕಲಿಸಿದ್ದು ಹಗಲಲ್ಲೋ ರಾತ್ರಿಯಲ್ಲೋ? ಕಲಿಸುವವರು ಬಸ್ಸು ಹತ್ತಿದ್ದರೋ? ಹೇಳಿಕೊಳ್ಳಬೇಕೆಂದರೆ ಯಾರಿಗೆ ಹೇಳುತ್ತಿದ್ದಿರಿ?

ಈ ಪದ್ಧತಿಗೆ ಕುಂದಿಲ್ಲವೆಂದಲ್ಲ. ಅಮರಗೋಳದ ಮಾರುಕಟ್ಟೆಯಲ್ಲಿ ಹಮಾಲಿ ಮಾಡುವವರ ಮಗಳೊಬ್ಬಳು ಒಬ್ಬಳೇ ಬಂದಿದ್ದಳು. ಅಪ್ಪ ಕಾಲೇಜಿಗೆ ಬರಲು ಒಪ್ಪಿರಲಿಲ್ಲ. ಒಂದು ದಿನದ ಕೂಲಿಯ ಪ್ರಶ್ನೆ. ಮನೆಯವರನ್ನು ಕರೆತನ್ನಿ ಎನ್ನುವಾಗ ಮೇಷ್ಟ್ರು ಇದನ್ನು ಯೋಚಿಸಿರಲಿಲ್ಲ, ಯೋಚಿಸಬೇಕಿತ್ತು. ಮುಂದಿನ ವರ್ಷದಿಂದ ಭಾನುವಾರ ತರಗತಿಯವರೇ ಅಂಥವರ ಬಳಿ ಹೋಗುವುದೆಂದಾಯಿತು. ಪಾಠಗಳೂ ಹಿಂದೆ ಬಿದ್ದವು. ಕೆಲವು ತಂದೆತಾಯಿಗಳು ಅಂಕಗಳ ಚಿಂತೆಯಿಂದ ಪ್ರಾಂಶುಪಾಲರನ್ನು ಕಂಡು ಬಂದರು.

ಪರೀಕ್ಷೆಯಲ್ಲಿ ಬಂದದ್ದು ಅದೇ ಹಳೆಯ ಪ್ರಶ್ನೆ: ಲೆವಿನ್ನನ ಮೂರು ಹಂತಗಳನ್ನು ಚಿತ್ರಸಹಿತ ವಿವರಿಸಿ. ಕರಗಿಸು, ಬದಲಿಸು, ಗಟ್ಟಿಮಾಡು. ಹುಡುಗ ಮಂಜುಗಡ್ಡೆಯ ಚಿತ್ರ ಬರೆದು ಬಂದ.

‘ನನ್ನ ಚಾಳೀಸಿಂದು ಬರದಿ ಇಲ್ಲೋ?’ ಎಂದು ಅಪ್ಪ ಕೇಳಿದರು.

‘ಐದು ಮಾರ್ಕಿನ ಪ್ರಶ್ನೆಪಾ,’ ಎಂದ ಮಗ. ‘ಜಾಗ ಇರಲಿಲ್ಲ.’