ಏರಿಳಿಯುವ ಸದ್ದು

ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊರುತ್ತಿದ್ದ ನಮ್ಮ ಹಳೆಯ ಡೀಸೆಲ್ ಪಿಕಪ್ ವಾಹನವು 2009ರ ಮಾಗಿಯಲ್ಲಿ ನಿಂತಲ್ಲಿಯೇ ಉಬ್ಬಸಪಡತೊಡಗಿತು. ಎಂಜಿನ್ನಿನ ಸದ್ದು ಒಮ್ಮೆ ಏರುವುದು, ಮರುಕ್ಷಣ ಇಳಿಯುವುದು. ಕೆಲವೊಮ್ಮೆ ಆರಿಯೇ ಹೋಗುವುದು. ಓಡುವಾಗ ಮಾತ್ರ ದೋಷವೇ ತೋರದು.

ಚಾಲಕ ಹುಡುಗನು ಡೀಸೆಲ್ ಕದ್ದು ಸೀಮೆಎಣ್ಣೆ ಬೆರೆಸಿರಬಹುದೆಂದು ನಾವು ಶಂಕಿಸಿದೆವು. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಮ್ಮ ನೋಟದಿಂದಲೇ ಅವನಿಗೆ ತಿಳಿದಿತ್ತು.

ಪೇಟೆಯ ಗ್ಯಾರೇಜಿನವರು ಡೀಸೆಲ್ ಪಂಪನ್ನೇ ಬಿಚ್ಚಬೇಕೆಂದರು. ಅದು ಸಾವಿರಾರು ರೂಪಾಯಿಗಳ ಮಾತು. ನಮ್ಮೂರಿನ ವೃದ್ಧ ಮೆಕ್ಯಾನಿಕರು ಅವಸರಪಡಲಿಲ್ಲ. ಎಂಜಿನ್ ತಿರುಗುತ್ತಿರುವಾಗಲೇ ನಾಲ್ಕು ನಾಜಲ್‌ಗಳ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದರು. (ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿಹೋಗಬಲ್ಲದು, ಅರಿಯದವರು ಕೈಹಾಕಬಾರದು.) ಯಾವುದನ್ನು ಸಡಿಲಿಸಿದರೂ ಸದ್ದು ಒಂದೇ ಸಮನೆ ಕುಗ್ಗಿತು.

"ನಾಲ್ಕೂ ದುಡಿಯುತ್ತಿವೆ. ಸಡಿಲಿಸಿದರೂ ಸದ್ದು ಬದಲಾಗದಿದ್ದರೆ ಆ ಸಿಲಿಂಡರೇ ಸೋಮಾರಿ ಎನ್ನಬಹುದಿತ್ತು. ಇದು ಎಲ್ಲೋ ಏರ್ ಎಳೆಯುತ್ತಿದೆ" ಎಂದರು.

ಫಿಲ್ಟರಿಗೂ ಪಂಪಿಗೂ ನಡುವೆ ಪಾರದರ್ಶಕ ಕೊಳವೆಯೊಂದನ್ನು ಜೋಡಿಸಿದಾಗ ಡೀಸೆಲಿನೊಡನೆ ಗುಳ್ಳೆಗಳ ಸಾಲು ಓಡುತ್ತಿತ್ತು. ಟ್ಯಾಂಕಿನಿಂದ ಬರುವ ರಬ್ಬರ್ ಕೊಳವೆ ಬಿರುಕು ಬಿಟ್ಟಿತ್ತು. ಆ ಭಾಗದಲ್ಲಿ ಫೀಡ್ ಪಂಪು ಡೀಸೆಲನ್ನು ಹೀರುವುದರಿಂದ ಎಣ್ಣೆ ಹೊರಗೆ ಸೋರದೆ ಗಾಳಿಯೇ ಒಳನುಗ್ಗುವುದಂತೆ. ನೆಲದ ಮೇಲೆ ಒಂದು ಹನಿಯ ಕಲೆಯೂ ಕಾಣದಿದ್ದುದು ಅದಕ್ಕೇ. ನಿಂತ ಎಂಜಿನ್ನಿಗೆ ಬೇಕಾಗುವ ಇಂಧನವೇ ಅತ್ಯಲ್ಪ. ಸಣ್ಣ ಗುಳ್ಳೆಯೂ ಅದರ ಲಯ ಕೆಡಿಸುತ್ತದೆ.

ಹೊಸ ಕೊಳವೆಗೆ 60 ರೂಪಾಯಿ ತಗಲಿತು. ಕೈಪಂಪನ್ನು ಒತ್ತೊತ್ತಿ ಗಾಳಿ ಹೊರಹಾಕಿದವನು ಆ ಹುಡುಗನೇ. ಅಂದು ಅವನ ಮುಖ ನೋಡಲು ನಮಗೆ ಧೈರ್ಯ ಬರಲಿಲ್ಲ. ಮರುದಿನ ಮುಂಜಾನೆ ಕೊಬ್ಬರಿ ಚೀಲಗಳನ್ನು ಹೇರುವ ಮುನ್ನ ನಮ್ಮ ಶಂಕೆಯನ್ನು ಹೇಳಿ ತಪ್ಪೊಪ್ಪಿಕೊಂಡೆವು.

"ಗೊತ್ತಿತ್ತು ಯಜಮಾನರೆ, ಇರಲಿ ಬಿಡಿ" ಎಂದವನು ಕೀಲಿ ತಿರುಗಿಸಿ, "ಈಗ ಸದ್ದು ಕೇಳಿ" ಎಂದನು.