ಎರಡು ಬಾಗಿಲಿನ ಮನೆ

ಅಮೆರಿಕಕ್ಕೆ ಬಂದವರು ನಯಾಗರ ನೋಡ್ತಾರೆ, ಡಿಸ್ನಿ ನೋಡ್ತಾರೆ, ಲಾಸ್ ವೇಗಸ್‌ಗೆ ಹೋಗಿ ಒಂದಷ್ಟು ದುಡ್ಡು ಕಳ್ಕೊಂಡು ಬರ್ತಾರೆ. ನಾವಿಬ್ಬರೂ ಅದನ್ನೆಲ್ಲ ಮೊದಲ ಎರಡು ವರ್ಷದಲ್ಲೇ ಮುಗಿಸಿಬಿಟ್ವಿ. ಆಮೇಲೆ ಹತ್ತಿಕೊಂಡದ್ದು ಮ್ಯೂಸಿಯಂ ಚಟ. ಅದೂ ದೊಡ್ಡ ಊರಿನ ದೊಡ್ಡ ಮ್ಯೂಸಿಯಂಗಳಲ್ಲ. ಒಂದು ಕಾಲದಲ್ಲಿ ದೇವರಿಗಾಗಿ ಒಟ್ಟಿಗೆ ಬದುಕಿದ ಜನ ಬಿಟ್ಟುಹೋದ ಮನೆ, ಕೊಟ್ಟಿಗೆ, ಅಡುಗೆಮನೆಗಳು. ಲಾಂಗ್ ವೀಕೆಂಡ್ ಬಂತು ಅಂದ್ರೆ ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು ಅಂತಲೇ ಲೆಕ್ಕ. "ನಿಮಗೆ ಬೀಚ್ ಗೀಚ್ ಯಾವುದೂ ಸಿಗಲ್ವೇನ್ರೋ?" ಅಂತ ಗೆಳೆಯರು ನಗ್ತಾರೆ.

ಮೊದಲು ಹೋದದ್ದು ಪೆನ್ಸಿಲ್ವೇನಿಯದ ಎಫ್ರಟಾಗೆ. ಜರ್ಮನಿಯಿಂದ ಬಂದ ಕಾನ್ರಾಡ್ ಬೈಸೆಲ್ 1732ರಲ್ಲಿ ಕಟ್ಟಿದ ಮಠ ಅದು. ಸನ್ಯಾಸಿಗಳು ಮಲಗುತ್ತಿದ್ದುದು ಒಂದೂಕಾಲು ಅಡಿ ಅಗಲದ ಮರದ ಹಲಗೆ ಮೇಲೆ. ದಿಂಬಿನ ಬದಲಿಗೆ ಮರದ ತುಂಡು. ರಾತ್ರಿ ಒಂಬತ್ತಕ್ಕೆ ಮಲಗಿ, ಹನ್ನೆರಡಕ್ಕೆ ಎದ್ದು ಎರಡು ಗಂಟೆ ಪ್ರಾರ್ಥನೆ ಮಾಡಿ, ಮತ್ತೆ ಐದರವರೆಗೆ ನಿದ್ದೆ. "ಇದು ನಮ್ಮ ಆನ್‌ಕಾಲ್ ಥರಾನೇ ಇದೆಯಲ್ಲೇ" ಅಂದ ನನ್ನ ಗಂಡ. ಈ ಬ್ರಹ್ಮಚಾರಿಗಳ ಪಕ್ಕದಲ್ಲೇ ಅದೇ ನಂಬಿಕೆಯ ಸಂಸಾರಸ್ಥರೂ ಇದ್ದರು. ಕೊನೆಯ ಸನ್ಯಾಸಿನಿ 1813ರಲ್ಲಿ ತೀರಿಕೊಂಡ ಮೇಲೆ ಜಾಗವನ್ನು ನೋಡಿಕೊಂಡದ್ದು ಆ ಸಂಸಾರಸ್ಥರೇ. 1941ರಲ್ಲಿ ಸರ್ಕಾರ ಅದನ್ನು ಕೊಂಡುಕೊಂಡಿತು.

ಆದರೆ ಮನಸ್ಸಿನಲ್ಲಿ ಉಳಿದದ್ದು ಮ್ಯಾಸಚೂಸೆಟ್ಸ್‌ನ ಹ್ಯಾನ್‌ಕಾಕ್. ಅದು ಶೇಕರ್ ಎಂಬ ಪಂಗಡದ ಊರು. ಪ್ರಾರ್ಥನೆ ಹೊತ್ತಲ್ಲಿ ಮೈಮರೆತು ನಡುಗುತ್ತಾ ಕುಣಿಯುತ್ತಿದ್ದರಂತೆ, ಅದಕ್ಕೇ ಆ ಹೆಸರು. ಆಸ್ತಿ ಎಲ್ಲರದ್ದು, ಕೆಲಸ ಎಲ್ಲರಿಗೂ, ಮದುವೆ ಯಾರಿಗೂ ಇಲ್ಲ. ಹಿರಿಯರ ಸ್ಥಾನದಲ್ಲಿ ಗಂಡಸರೆಷ್ಟೋ ಹೆಂಗಸರೂ ಅಷ್ಟೇ. 1830ರಲ್ಲಿ ಕಟ್ಟಿದ ಇಟ್ಟಿಗೆಯ ವಸತಿಮನೆಯಲ್ಲಿ ಸುಮಾರು ನೂರು ಜನ ಇರಬಹುದಿತ್ತು. ಅದಕ್ಕೆ ಗಂಡಸರ ಬಾಗಿಲು ಬೇರೆ, ಹೆಂಗಸರ ಬಾಗಿಲು ಬೇರೆ, ಮೆಟ್ಟಿಲೂ ಬೇರೆ ಬೇರೆ. ನಾನು ಒಂದರಿಂದ, ಅವನು ಇನ್ನೊಂದರಿಂದ ಮಹಡಿ ಹತ್ತಿ ಮೇಲೆ ಸಿಕ್ಕಿಕೊಂಡ್ವಿ. ಗೋಡೆಯ ಸುತ್ತ ಸಾಲಾಗಿ ಮರದ ಗೂಟಗಳು. ಗುಡಿಸುವಾಗ ಕುರ್ಚಿಗಳನ್ನೂ ಅದಕ್ಕೇ ನೇತುಹಾಕುತ್ತಿದ್ದರು.

ಅಲ್ಲಿನ ದನದ ಕೊಟ್ಟಿಗೆ ನೋಡಬೇಕು ನೀವು. 1826ರಲ್ಲಿ ಕಲ್ಲಿನಲ್ಲಿ ಕಟ್ಟಿದ್ದು, ಪೂರ್ತಿ ಗುಂಡಗಿದೆ. ಹುಲ್ಲಿನ ಗಾಡಿ ಮೇಲಿನ ಅಂತಸ್ತಿಗೆ ಬಂದು, ಒಂದು ಸುತ್ತು ಹಾಕುತ್ತಾ ನಡುವಿನ ಕಣಜಕ್ಕೆ ಹುಲ್ಲು ಸುರಿದು, ಬಂದ ಬಾಗಿಲಿನಿಂದಲೇ ಹೊರಗೆ. ಹಿಂದಕ್ಕೆ ತಿರುಗಿಸುವ ತಾಪತ್ರಯವೇ ಇಲ್ಲ. ಕೆಳಗಿನ ಅಂತಸ್ತಿನಲ್ಲಿ ಹಸುಗಳು ಹುಲ್ಲಿನ ಕಡೆ ಮುಖ ಮಾಡಿ ವೃತ್ತದಲ್ಲಿ ನಿಲ್ಲುತ್ತವೆ. ನಡುವೆ ನಿಂತು ಒಬ್ಬನೇ ಎಲ್ಲಕ್ಕೂ ಮೇವು ಹಾಕಬಹುದು. ಸಗಣಿ ಇನ್ನೂ ಕೆಳಗಿನ ಗುಂಡಿಗೆ ಬೀಳುತ್ತೆ. ಹಾಸನದ ಕಡೆ ಹಳ್ಳಿಯಲ್ಲಿ ಸಗಣಿ ಬಾಚಿ ಬೆಳೆದ ನನ್ನ ಗಂಡ ಅಲ್ಲಿಂದ ಅರ್ಧ ಗಂಟೆ ಕದಲಲಿಲ್ಲ. ಕಾಯಕ ಅನ್ನೋ ಪದ ಅವರಿಗೆ ಗೊತ್ತಿರಲಿಲ್ಲ, ವಿಷಯ ಗೊತ್ತಿತ್ತು.

ಈ ಪಂಗಡವನ್ನು ಅಮೆರಿಕಕ್ಕೆ ತಂದವಳು ಆ್ಯನ್ ಲೀ. ಮ್ಯಾಂಚೆಸ್ಟರ್‌ನ ಕಮ್ಮಾರನ ಮಗಳು. ಮದುವೆಯಾಗಿ ನಾಲ್ಕು ಮಕ್ಕಳನ್ನು ಹೆತ್ತಳು, ನಾಲ್ಕನ್ನೂ ಎಳವೆಯಲ್ಲೇ ಕಳೆದುಕೊಂಡಳು. 1774ರಲ್ಲಿ ಎಂಟು ಜನರ ಜೊತೆ ಹಡಗು ಹತ್ತಿ ನ್ಯೂಯಾರ್ಕ್‌ಗೆ ಬಂದಳು. ಅವಳ ಜನ ಅವಳನ್ನು ಕರೆದದ್ದು ಮದರ್ ಆ್ಯನ್ ಅಂತ.

ಇದನ್ನು ಓದಿದಾಗ ನಾನು ಸುಮ್ಮನೆ ಅಲ್ಲಿದ್ದ ಬೆಂಚಿನ ಮೇಲೆ ಕೂತೆ. ನಮ್ಮ ಮದುವೆಯಾಗಿ ಎಂಟು ವರ್ಷ. ಎರಡು ಸಲ ಐವಿಎಫ್ ಆಯ್ತು, ಎರಡೂ ನಿಲ್ಲಲಿಲ್ಲ. ಮೂರನೆಯದು ಬೇಡ ಅಂತ ಇಬ್ಬರೂ ಕೂತು ಮಾತಾಡಿ ತೀರ್ಮಾನಿಸಿದ್ದು ಹ್ಯಾನ್‌ಕಾಕ್‌ಗೆ ಹೋಗೋ ಹಿಂದಿನ ತಿಂಗಳು. ಊರಿನಿಂದ ಫೋನ್ ಬಂದಾಗಲೆಲ್ಲ ಅಮ್ಮ ಕೊನೆಗೆ ದನಿ ತಗ್ಗಿಸಿ "ಏನಾದ್ರೂ ವಿಶೇಷ?" ಅಂತಾರೆ. ಆ ಒಂದು ಪದ ಕೇಳಿದ್ರೆ ಹೊಟ್ಟೆ ಹಿಂಡುತ್ತೆ. ಒಂದು ಊರಿಗೆ ಊರೇ ಮಕ್ಕಳು ಬೇಡ ಅಂತ ಬದುಕಿತ್ತು, ಅದರ ಮನೆಗಳನ್ನು ಟಿಕೆಟ್ ಕೊಟ್ಟು ನೋಡ್ತಾ ಇದ್ದೀವಿ ಅಂತ ಆಗ ಹೊಳೀತು.

ಹಾಗಂತ ಅವರ ಬದುಕು ಸ್ವರ್ಗ ಅನ್ನೋಕಾಗಲ್ಲ. ಗಂಡ ಹೆಂಡತಿ ಒಟ್ಟಿಗೆ ಸೇರಿದರೆ ಮರುದಿನದಿಂದ ಅಣ್ಣ ತಂಗಿ. ಜೊತೆಗೆ ಬಂದ ಮಕ್ಕಳನ್ನು ಬೇರೆ ಯಾರೋ ನೋಡಿಕೊಳ್ಳುತ್ತಿದ್ದರು. ಅನಾಥ ಮಕ್ಕಳನ್ನು ತಂದು ಸಾಕಿ, ಓದು ಕಲಿಸಿ, ಕೆಲಸ ಕಲಿಸುತ್ತಿದ್ದರು. ಇಪ್ಪತ್ತೊಂದಕ್ಕೆ ಇರೋದಾ ಹೋಗೋದಾ ಅಂತ ಅವರೇ ನಿರ್ಧರಿಸಬಹುದಿತ್ತು. ಹೆಚ್ಚಿನವರು ಹೋದರು. ಹೊಸಬರು ಬರುವುದು ಕಡಿಮೆಯಾಯ್ತು. 1960ರಲ್ಲಿ ಹ್ಯಾನ್‌ಕಾಕ್ ಮುಚ್ಚಿತು.

ಆದರೂ ಅವರದ್ದು ಏನೂ ಉಳಿಯಲಿಲ್ಲ ಅನ್ನೋ ಹಾಗಿಲ್ಲ. ಈ ದೇಶದ ಅಂಗಡಿಗಳಲ್ಲಿ ಸಿಗುವ ಚಪ್ಪಟೆ ಪೊರಕೆ ಅವರ ಕೈಚಳಕ ಅಂತಾರೆ. ತರಕಾರಿ ಬೀಜವನ್ನು ಪುಟ್ಟ ಕಾಗದದ ಪೊಟ್ಟಣದಲ್ಲಿ ಕಟ್ಟಿ ಮಾರಲು ಶುರುಮಾಡಿದವರಲ್ಲಿ ಅವರೇ ಮೊದಲಿಗರು. ಅವರ ಕುರ್ಚಿಯ ಅಂದ ನೋಡಿ ಈಗಲೂ ಡಿಸೈನರ್‌ಗಳು ಕಲಿಯುತ್ತಾರೆ. ಸಾಕಿದ ಮಕ್ಕಳು ಹೋದಲ್ಲೆಲ್ಲ ಆ ಕೆಲಸದ ಶಿಸ್ತು ಹೋಗಿರಲೇಬೇಕು. ವಂಶ ಬೆಳೆಯೋದು ರಕ್ತದಿಂದ ಮಾತ್ರ ಅಂತ ನಾವು ಗಟ್ಟಿಯಾಗಿ ನಂಬಿಕೊಂಡಿದ್ದೀವಿ. ಪೊರಕೆ ಹಿಡಿದವರು ಯಾರೂ ಅದನ್ನು ಕಟ್ಟಿದವನಿಗೆ ಮಕ್ಕಳಿದ್ದವಾ ಅಂತ ಕೇಳಲ್ಲ.

ಇದು ಸಮಾಧಾನ ಹೇಳಿಕೊಳ್ಳೋಕೆ ಕಟ್ಟಿದ ವಾದ ಅಂತ ನಿಮಗೆ ಅನ್ನಿಸಬಹುದು. ಸ್ವಲ್ಪ ಹೌದು. ಅವರು ಬೇಡ ಅಂದವರು, ನಾವು ಬೇಕು ಅಂದು ಸಿಗದವರು. ಎರಡೂ ಒಂದೇ ಅಲ್ಲ. ವಾಪಸ್ ಬರುವಾಗ ಕಾರಲ್ಲಿ ಅದನ್ನೇ ಅವನ ಹತ್ರ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಮನೆಗೆ ಎರಡು ಬಾಗಿಲಿತ್ತು, ನಮ್ಮದಕ್ಕೆ ಒಂದೇ ಇದೆ ಕಣೇ, ಅಷ್ಟು ಸಾಕು" ಅಂದ. ಸಿನಿಮಾ ಡೈಲಾಗ್ ಥರ ಇತ್ತು. ಆದ್ರೂ ಅಳು ಬಂತು.

ಆ ಭಾನುವಾರ ಅಮ್ಮ ಫೋನ್ ಮಾಡಿದಾಗ ಆ್ಯನ್ ಲೀ ಕತೆ ಹೇಳಿದೆ. ಕೊಟ್ಟಿಗೆ, ಪೊರಕೆ, ಬೀಜದ ಪೊಟ್ಟಣ ಯಾವುದೂ ಅಮ್ಮನ ಕಿವಿಗೆ ಬೀಳಲಿಲ್ಲ. "ಪಾಪ, ನಾಲ್ಕೂ ಹೋದ್ವಾ?" ಅಂದ್ರು. ಆಮೇಲೆ, "ನಿಮ್ಮಜ್ಜೀಗೂ ನನ್ನ ಮುಂಚೆ ಎರಡು ಹೋಗಿದ್ವು ಕಣೆ. ಒಂದು ದಿನಾನೂ ಬಾಯಿ ಬಿಟ್ಟು ಹೇಳಿದವಳಲ್ಲ" ಅಂದ್ರು. ಇದು ನನಗೆ ಗೊತ್ತೇ ಇರಲಿಲ್ಲ. ಅವತ್ತು ನಾನೂ ಅಮ್ಮನಿಗೆ ಬಾಯಿ ಬಿಟ್ಟು ಹೇಳಿದೆ, ನಾವು ನಿಲ್ಲಿಸಿದ್ದೀವಿ ಅಂತ. "ಊಟ ಸರಿಯಾಗಿ ಮಾಡ್ರಿ ಇಬ್ರೂ" ಅಂದು ಫೋನ್ ಇಟ್ರು.

ಮೇನ್ ರಾಜ್ಯದ ಸಬ್ಬತ್‌ಡೇ ಲೇಕ್‌ನಲ್ಲಿ ಶೇಕರ್‌ಗಳು ಇನ್ನೂ ಬೆರಳೆಣಿಕೆಯಷ್ಟು ಇದ್ದಾರೆ. ಗಿಡಮೂಲಿಕೆ ಬೆಳೆದು ಮಾರ್ತಾರೆ, ಕುರಿ ಸಾಕ್ತಾರೆ. ತಮ್ಮ ನಂತರ ಯಾರು ಬರ್ತಾರೋ ಗೊತ್ತಿಲ್ಲದೆಯೂ ವರ್ಷ ವರ್ಷ ಬಿತ್ತನೆ ನಿಲ್ಲಿಸಿಲ್ಲ. ಬರುವ ಬೇಸಿಗೆಗೆ ಅಲ್ಲಿಗೆ ಹೋಗಬೇಕು. ಚಿತ್ರಾನ್ನದ ಜವಾಬ್ದಾರಿ ಈ ಸಲ ಅವನದ್ದು.