ಅತ್ತೆಯ ಏಳು ಲಕ್ಷದ ನೋಟು

ನಮ್ಮತ್ತೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಳೇ ಚಿಲ್ಲರೆ ಸುಮಾರಿದೆ. ಕಮಲದ ಇಪ್ಪತ್ತು ಪೈಸೆ, 2011ರಲ್ಲಿ ಚಲಾವಣೆ ನಿಂತ ನಾಲ್ಕಾಣೆ, ವೈಷ್ಣೋದೇವಿಯ ಐದು ರೂಪಾಯಿ, ಜೊತೆಗೆ ಟ್ರ್ಯಾಕ್ಟರ್ ಚಿತ್ರದ ಹಸಿರು ಐದರ ನೋಟು. ಆ ನೋಟಿನ ನಂಬರು 786ರಲ್ಲಿ ಮುಗಿಯುತ್ತೆ ಅನ್ನೋದು ಅವರ ಹೆಮ್ಮೆ.

ಕಳೆದ ಶ್ರಾವಣದಲ್ಲಿ ಮೊಬೈಲಿನಲ್ಲಿ ಹಳೇ ಸಾಮಾನು ಹರಾಜಿಗಿಡೋ ತಾಣವೊಂದನ್ನು ನೋಡಿದ್ದಾರೆ. ಅಂಥದ್ದೇ ನೋಟಿಗೆ ಒಂಬತ್ತು ಲಕ್ಷ! ಮೊಮ್ಮಗನ ಕೈಲಿ ತಮ್ಮ ನೋಟಿನ ಫೋಟೊನೂ ಹಾಕಿಸಿದ್ದಾರೆ. ಅರ್ಧ ಗಂಟೆಗೇ ಫೋನು. "ಏಳು ಲಕ್ಷಕ್ಕೆ ತಗೋತೀನಿ ಅಮ್ಮ, ರಿಜಿಸ್ಟ್ರೇಷನ್‌ಗೆ 1,250 ಕಳ್ಸಿ." ಕಳಿಸಿದ್ದಾರೆ. ಆಮೇಲೆ ರಿಸರ್ವ್ ಬ್ಯಾಂಕಿನ ಮುದ್ರೆಯಿರೋ ಪತ್ರ ವಾಟ್ಸಾಪ್‌ಗೆ ಬಂತು, ಜಿಎಸ್‌ಟಿ 8,600 ಅಂತ. ಚೀಟಿ ದುಡ್ಡಿನಲ್ಲಿ ಅದೂ ಹೋಯ್ತು.

ನನಗೆ ಗೊತ್ತಾಗಿದ್ದು ಅವರು ಇನ್ನೂ ಹದಿನೈದು ಸಾವಿರ ಕೇಳಿದಾಗ. "ದುಡ್ಡು ಬಂದ್ಮೇಲೆ ಮೊದಲು ನಿನ್ನ ಬಳೆ ಬಿಡಿಸ್ಕೊಂಡು ಬರೋಣ ಕಣಮ್ಮ" ಅಂದ್ರು. ಮಗನ ಆಪರೇಷನ್ನಿಗೆ ಅಡವಿಟ್ಟ ಬಳೆ. ಬೈಯೋಕೆ ನನಗೆ ಬಾಯಿ ಬರಲಿಲ್ಲ.

"ಅತ್ತೆ, ಏಳು ಲಕ್ಷ ಕೊಡೋರು ಈ ಹದಿನೈದು ಸಾವಿರನ ಅದರಲ್ಲೇ ಹಿಡ್ಕೊಂಡು ಉಳಿದಿದ್ದು ಕೊಡಬಹುದಲ್ವಾ?"

ಸುಮಾರು ಹೊತ್ತು ಅವರು ಮಾತೇ ಆಡಲಿಲ್ಲ.

ಮೊದಲು 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ತಡವಾಗಿತ್ತು, ಹಣ ಸಿಗಲಿಲ್ಲ. ರಾತ್ರಿ ಇಬ್ಬರೂ ಕೂತು ಆ ತಾಣವನ್ನು ಮತ್ತೆ ನೋಡಿದೆವು. ಒಂಬತ್ತು ಲಕ್ಷ ಅನ್ನೋದು ಮಾರೋನು ಬರೆದುಕೊಂಡ ಬೆಲೆ. ಯಾರಾದರೂ ಕೂಗಿದ್ದಾರಾ ಅಂದ್ರೆ ಒಬ್ಬರೂ ಇಲ್ಲ. ಅದೇ ನೋಟು ಇನ್ನೂ ಮೂರು ಹೆಸರಲ್ಲಿ, ಮೂರು ಊರಲ್ಲಿ ಮಾರಾಟಕ್ಕಿತ್ತು. ನೋಟು ಹಿಡಿದ ಬೆರಳೂ ಒಂದೇ, ಅದೇ ಕೆಂಪು ನೇಲ್ ಪಾಲಿಶ್ಶು! ಕಂಡುಹಿಡಿದಿದ್ದು ಅತ್ತೆಯೇ. ಹಳೇ ನೋಟು ನಾಣ್ಯದ ವ್ಯವಹಾರದಲ್ಲಿ ತಾನು ಇಲ್ಲ, ಶುಲ್ಕ, ಕಮಿಷನ್ ಯಾವುದನ್ನೂ ಕೇಳಲ್ಲ ಅಂತ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಸಿತ್ತು. ನಮ್ಮ ಮನೆಗೆ ಆ ಸುದ್ದಿ ತಲುಪಿದ್ದು ಆ ರಾತ್ರಿ.

ಸಮಾಧಾನಕ್ಕೆ ಅಂತ ಬಾಟಲಿಯನ್ನೇ ಎತ್ತಿಕೊಂಡು ಹಳೇ ನಾಣ್ಯದ ಅಂಗಡಿಗೂ ಹೋಗಿಬಂದೆವು. ಅಂಗಡಿಯವರು ನೋಟನ್ನು ಬೆಳಕಿಗೆ ಹಿಡಿದು, "ಗರಿಗರಿಯಾಗಿದ್ದಿದ್ರೆ ಸ್ವಲ್ಪ ಹೆಚ್ಚು ಕೊಡ್ತಿದ್ದೆ. ಮಡಚಿಬಿಟ್ಟಿದ್ದೀರ ಅಮ್ಮ, ಇದು ಐದೇ ರೂಪಾಯಿ" ಅಂದ್ರು. ನಿಜವಾಗಿ ಹರಾಜು ಹಾಕೋರು ಮಾರಿದ ಮೇಲೆ ಬಂದ ದುಡ್ಡಲ್ಲೇ ಕಮಿಷನ್ ಹಿಡ್ಕೋತಾರೆ ಅಂತಲೂ ಹೇಳಿದ್ರು. ಅತ್ತೆ ನನ್ನ ಮುಖ ನೋಡಿದರು.

ಮುಂದಿನ ವಾರ ಬೇರೆ ನಂಬರಿನಿಂದ ಅದೇ ದನಿ. ನಾನು ಕಟ್ ಮಾಡಿ ಅಂತ ಸನ್ನೆ ಮಾಡ್ತಿದ್ದೆ. ಅತ್ತೆ ಕೇಳಲಿಲ್ಲ.

"ಅಯ್ಯೋ, ನನ್ನ ಏಳು ಲಕ್ಷದಲ್ಲೇ ಹಿಡ್ಕೊಳಪ್ಪ. ಉಳಿದಿದ್ದು ಕಳ್ಸು, ಸೊಸೆ ಬಳೆ ಬಿಡಿಸ್ಬೇಕು."

ಆ ಕಡೆಯಿಂದ ಫೋನಿಟ್ಟರು.